ಪಟಿಕದಲ್ಲಿ ಅದ್ದಿದ ಮುಖ

ನಮ್ಮ ಬೀದಿಯಲ್ಲಿ ಹುಟ್ಟಿದವರೆಲ್ಲ ಒಂದಲ್ಲ ಒಂದು ದಿನ ನನ್ನ ಸೋದರಮಾವನ ಮುಂದೆ ಕುಳಿತು, ಅವನು ಹೇಳಿದಷ್ಟೇ ನಕ್ಕು, ಎದ್ದು ಹೋಗಿದ್ದಾರೆ. ಮಾವನದು ಫೋಟೋ ಸ್ಟುಡಿಯೋ. ಕೆಳಗೆ ಸ್ಟುಡಿಯೋ, ಮೇಲೆ ನಾವು ಮೂವರು: ಅಜ್ಜಿ, ಮಾವ, ನಾನು. ಕ್ಯಾಮೆರಾದ ಹಿಂದೆ ನಿಂತರೆ ಅವನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು, "ಸ್ವಲ್ಪ ನಗಿ." ಹೇಳಿ ಹೇಳಿ ಅದೇ ಅವನ ಹೆಸರಾಯಿತು. ತರಕಾರಿಯವಳಿಂದ ನಗರಸಭೆಯವರ ತನಕ ಎಲ್ಲರಿಗೂ ಅವನು ಸ್ವಲ್ಪನಗಿ. ಆದರೆ ಸ್ವತಃ ಅವನು ನಕ್ಕಿದ್ದನ್ನು ಕಂಡವರಿಲ್ಲ. ಯಾರಾದರೂ ಆಡಿಕೊಂಡರೆ ಅಜ್ಜಿ ಮಗನ ಪರ ನಿಲ್ಲುತ್ತಿದ್ದಳು. "ಮಾರೋ ಸರಕನ್ನ ಅಂಗಡಿಯವನೇ ತಿಂದ್ಕೊಂಡ್ರೆ ವ್ಯಾಪಾರ ಉಳಿಯುತ್ತೇನ್ರಪ್ಪಾ?"

ಸ್ಟುಡಿಯೋದ ಮುಂದೆ ಗಾಜಿನ ಶೋಕೇಸ್ ಇದೆ. ಅದರಲ್ಲಿ ಫೋಟೋಗಳು ಬದಲಾಗುತ್ತಲೇ ಇರುತ್ತವೆ. ತೊಟ್ಟಿಲ ಕೂಸು ಹೋಗಿ ಶಾಲೆಯ ಸಮವಸ್ತ್ರ ಬರುತ್ತದೆ, ಸಮವಸ್ತ್ರ ಹೋಗಿ ಮದುವೆ ಜೋಡಿ ಬರುತ್ತದೆ. ಬಲಗಡೆಯ ಮೂಲೆಯ ಫೋಟೋ ಮಾತ್ರ ನಾನು ಕಣ್ಣು ಬಿಟ್ಟಾಗಿನಿಂದ ಅಲ್ಲೇ ಇದೆ. ನರ್ಸಿನ ಟೋಪಿ ತೊಟ್ಟ ಹುಡುಗಿ, ಇನ್ನೇನು ನಗಬೇಕು ಅನ್ನುವಷ್ಟರಲ್ಲಿ ಏನೋ ನೆನಪಾದವಳ ಹಾಗೆ. ಅದೇಕೆ ತೆಗೆಯುವುದಿಲ್ಲ ಎಂದು ಕೇಳಿದರೆ ಮಾವ, "ಅದು ಬೆಳಕಿಗೆ ಸ್ಯಾಂಪಲ್ಲು," ಅನ್ನುತ್ತಿದ್ದ.

ನಿಜವನ್ನು ಹೇಳಿದವಳು ಅಜ್ಜಿ, ಅದೂ ಕಥೆ ಮಾಡಿ. "ಒಂದಾನೊಂದು ಕಾಲದಲ್ಲಿ ಒಂದು ಕತ್ತಲೆ ಕೋಣೆ ಇತ್ತಂತೆ. ಅದರೊಳಗೊಬ್ಬ ಪೆದ್ದ ಇದ್ದನಂತೆ. ಒಂದು ದಿನ ಬಿಳಿ ಬಟ್ಟೆಯೋಳು ಬಂದು, ಗುರುತಿನ ಚೀಟಿಗೆ ಫೋಟೋ ಬೇಕು ಅಂದಳಂತೆ. ಪೆದ್ದ ಫೋಟೋ ತೆಗೆದ. ಮಾರನೇ ದಿನ ಬಂದ್ರೆ, ಬೆಳಕು ಸರಿ ಬರಲಿಲ್ಲ, ಮತ್ತೆ ಬನ್ನಿ ಅಂದ. ಅವಳು ಮತ್ತೆ ಬಂದಳು. ಮತ್ತೆ ಬೆಳಕು ಸರಿ ಬರಲಿಲ್ಲ." ಇಷ್ಟಕ್ಕೆ ನಾನು ಕಣ್ಣರಳಿಸಿ, "ಬೆಳಕಿಗೇನಾಗಿತ್ತಜ್ಜಿ?" ಅನ್ನುತ್ತಿದ್ದೆ. "ಬೆಳಕಿಗೇನೂ ಆಗಿರಲಿಲ್ಲ ಮಗಾ. ಪೆದ್ದನಿಗಾಗಿತ್ತು."

ಅವಳಿಗೂ ಅದು ಗೊತ್ತಿತ್ತಂತೆ. ಗೊತ್ತಿದ್ದೂ ಬರುತ್ತಿದ್ದಳಂತೆ. ಕೊನೆಗೆ ಬೇರೆ ಊರಿಗೆ ವರ್ಗವಾದಾಗ ಹೇಳಿ ಹೋಗಲು ಬಂದು ಸ್ಟೂಲಿನ ಮೇಲೆ ಕುಳಿತಳು. "ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದಳು. ಮಾವ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿಕೊಂಡು ಬಹಳ ಹೊತ್ತು ಯೋಚಿಸಿದ. ಆಮೇಲೆ ಹೇಳಿದ, "ಗಲ್ಲ ಸ್ವಲ್ಪ ಕೆಳಗೆ."

ಅಷ್ಟೇ ಕಥೆ. ಆಸ್ಪತ್ರೆಯವರೆಲ್ಲ ಅವಳನ್ನು ಸಿಸ್ಟರ್ ಅನ್ನುತ್ತಿದ್ದರು. ಮಾವ ಮಾತ್ರ ಜೀವ ಹೋದರೂ ಆ ಪದ ಬಳಸಲಿಲ್ಲ, 'ಇವರೇ' ಅನ್ನುತ್ತಿದ್ದ. ಆ ಒಂದು ವಿಷಯದಲ್ಲಿ ಅವನು ಪೆದ್ದನಾಗಿರಲಿಲ್ಲ.

ಸುದ್ದಿ ತಂದವಳು ಎದುರುಮನೆ ಅತ್ತೆ. ಈ ಅತ್ತೆಗೆ ಸುದ್ದಿ ಬಾಯಲ್ಲಿ ನಿಲ್ಲುವುದಿಲ್ಲ, ಬಿಸಿ ತುತ್ತಿನ ಹಾಗೆ ಯಾರ ಮನೆಯಲ್ಲಾದರೂ ಉಗುಳಲೇಬೇಕು. "ದೊಡ್ಡಮ್ಮಾ, ನಾಳೆಯಿಂದ ನಮ್ಮ ಆಸ್ಪತ್ರೇಲಿ ಚರ್ಮದ ತಪಾಸಣೆ ಶಿಬಿರ ಅಂತೆ. ಹೊರಗಿಂದ ತಂಡ ಬರ್ತಿದೆ. ಅದರ ಮುಖ್ಯ ನರ್ಸು ಯಾರು ಗೊತ್ತಾ? ನಿಮ್ಮ ಶೋಕೇಸಿನೋಳು. ಒಂಟಿಯಾಗೇ ಇದ್ದಾಳಂತೆ, ಇನ್ನೂ."

'ಇನ್ನೂ' ಅನ್ನುವ ಪದ ಮೆಟ್ಟಿಲಿಳಿದು ಸ್ಟುಡಿಯೋಗೆ ಹೋಗಿ ಮಾವನ ಕಿವಿಗೆ ಬಿತ್ತು. ನಾನು ಅಲ್ಲೇ ಕಂಪ್ಯೂಟರಿನ ಮುಂದೆ ಯಾರದೋ ಮೂಗಿನ ಮೇಲಿನ ಮೊಡವೆ ಅಳಿಸುತ್ತಿದ್ದೆ. ಮಾವ ಗಿರಾಕಿಗಳ ಕನ್ನಡಿಯ ಮುಂದೆ ನಿಂತ. ದಾರ ಕಟ್ಟಿ ನೇತುಹಾಕಿದ ಬಾಚಣಿಗೆ ತೆಗೆದು, ಬಾಚಲು ಹೆಚ್ಚೇನೂ ಉಳಿದಿಲ್ಲವೆಂದು ತಿಳಿದು, ಅಲ್ಲೇ ಬಿಟ್ಟ. ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದೆಳೆದ. ಅದು ನಿಧಾನವಾಗಿ, ಮನಸ್ಸಿಲ್ಲದೆ, ತನ್ನ ಜಾಗಕ್ಕೆ ಮರಳಿತು.

ಊಟದ ಹೊತ್ತಿಗೆ ಅಜ್ಜಿಯ ಪಕ್ಕ ಕುಳಿತ. "ಅಮ್ಮಾ, ಒಬ್ಬ ಗಿರಾಕಿ ಕೇಳ್ತಿದ್ದ. ಮುಖದ ಚರ್ಮ ಸಡಿಲ ಆಗಿದೆಯಂತೆ ಪಾಪ. ಏನಾದ್ರೂ ಮಾಡಬಹುದಾ?"

"ಗಿರಾಕಿಗೆ ವಯಸ್ಸೆಷ್ಟು?"

"ನನ್ನಷ್ಟೇ ಇರಬಹುದು."

"ಅವನಮ್ಮನಿಗೆ ನನ್ನಷ್ಟಿರುತ್ತೆ ಹಾಗಾದ್ರೆ," ಎಂದು ಅಜ್ಜಿ ಮಗನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿದಳು. "ಒಗರು ಇರೋದೆಲ್ಲ ಒಳಕ್ಕೆ ಎಳೆಯುತ್ತೆ ಕಣೋ. ಹರಿಯೋ ರಕ್ತ ನಿಲ್ಲಿಸುತ್ತೆ, ಸಡಿಲ ಬಿದ್ದ ವಸಡನ್ನ ಬಿಗಿ ಮಾಡುತ್ತೆ, ಕೆಟ್ಟ ಹೊಟ್ಟೆ ಕಟ್ಟುತ್ತೆ. ದಾಳಿಂಬೆ ಸಿಪ್ಪೆ ಕುದಿಸಿದ ನೀರು, ಚಿಟಿಕೆ ಪಟಿಕ. ಹತ್ತೀಲಿ ಅದ್ದಿ ಸವರಬೇಕು, ಬಿಗಿ ಆಗೋ ಮುಂಚೆ ತೊಳ್ಕೋಬೇಕು, ಮೇಲೊಂದು ಹನಿ ಎಣ್ಣೆ. ಗಿರಾಕಿಗೆ ಹೇಳು, ಚಿಟಿಕೆ ಅಂದ್ರೆ ಚಿಟಿಕೆ."

ಪಟಿಕ ಅಂದರೆ ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಆ ಮಂಜಿನಂಥ ಕಲ್ಲು. ಮಿಕ್ಕವರಿಗೆ ಅದು ಅಷ್ಟೇ. ಮಾವನಿಗೆ ಹಾಗಲ್ಲ. ಫಿಲ್ಮಿನ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವಾಗ ಕೊನೆಯ ತಟ್ಟೆಯ ನೀರಿಗೆ ಪಟಿಕದ ಪುಡಿ ಬೆರೆಸುತ್ತಿದ್ದರಂತೆ. ಹಾಗೆ ಮಾಡಿದರೆ ಫೋಟೋದ ಮೇಲಿನ ಪದರ ಗಟ್ಟಿಯಾಗಿ, ಉಬ್ಬದೆ, ಸುಕ್ಕಾಗದೆ, ಎಷ್ಟು ವರ್ಷವಾದರೂ ಹಾಗೇ ಉಳಿಯುತ್ತದೆ. ಶೋಕೇಸಿನ ಮೂಲೆಯ ಹುಡುಗಿಯೂ ಆ ನೀರಿನಲ್ಲೇ ಮಿಂದವಳು. ಅವಳಿಗೆ ಒಂದು ಗೆರೆಯೂ ಬಂದಿರಲಿಲ್ಲ.

ಇಲ್ಲಿಂದ ಮಾವನ ತರ್ಕ ಸೀದಾ ಹೋಯಿತು. ಫೋಟೋದ ಕಾಗದ ತೆಳ್ಳಗಿದೆ. ಅಂಥದ್ದಕ್ಕೇ ಒಂದು ಚಮಚ ಬೇಕು. ಮುಖ ದಪ್ಪಗಿದೆ, ಅದಕ್ಕೆಷ್ಟು ಬೇಕು? ಅಮ್ಮನ ಚಿಟಿಕೆ ಅಡುಗೆಯ ಚಿಟಿಕೆ, ಇದು ಪ್ರಯೋಗಶಾಲೆಯ ಕೆಲಸ. ಮರುದಿನ ಬೆಳಗ್ಗೆ ನಾವು ಏಳುವ ಮೊದಲೇ ಅವನು ಎದ್ದ. ಇದ್ದಬದ್ದ ದಾಳಿಂಬೆ ಸಿಪ್ಪೆಯನ್ನೆಲ್ಲ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ. ಮುಚ್ಚಿಟ್ಟಿದ್ದ ಕತ್ತಲೆ ಕೋಣೆ ತೆರೆದು, ಹಳೆಯ ಪಟಿಕದ ಡಬ್ಬಿಯನ್ನು ಅದಕ್ಕೆ ಪೂರ್ತಿ ಸುರಿದ. ಫೋಟೋ ತೊಳೆಯುತ್ತಿದ್ದ ಅಗಲದ ತಟ್ಟೆಗೆ ಸೋಸಿ, ಉಸಿರು ಬಿಗಿಹಿಡಿದು, ಮುಖವನ್ನು ಅದ್ದಿದ. ಫೋಟೋ ತೊಳೆಯುವಾಗಿನ ಅಭ್ಯಾಸದಂತೆ ತಟ್ಟೆಯನ್ನು ಆಗಾಗ ತೂಗುತ್ತಲೂ ಇದ್ದನಂತೆ. ಉಳಿದ ನೀರು ದಂಡವಾಗಬಾರದೆಂದು, ವಸಡಿಗೂ ಒಳ್ಳೆಯದಲ್ಲವೇ ಎಂದು, ಬಾಯಿ ತುಂಬ ಹಾಕಿಕೊಂಡು ಮುಕ್ಕಳಿಸಿದ.

ಅಂಗಡಿ ತೆರೆಯಲು ನಾನು ಕೆಳಗಿಳಿದಾಗ ಮಾವ ಸ್ಟೂಲಿನ ಮೇಲೆ ಕುಳಿತಿದ್ದ. ಕಬ್ಬಿಣದ ಬಾಣಲೆಗೂ ದಾಳಿಂಬೆ ಸಿಪ್ಪೆಗೂ ಏನು ನಂಟೋ, ಕಷಾಯ ಶಾಯಿಯಾಗಿತ್ತು. ಮುಖ ಮಸಿಬಣ್ಣಕ್ಕೆ ತಿರುಗಿತ್ತು. ಹಣೆಯ ಗೆರೆ, ಕಣ್ಣಂಚಿನ ಗೆರೆಗಳಲ್ಲಿ ಮಾತ್ರ ಪಟಿಕ ಒಣಗಿ ಬೆಳ್ಳಗೆ ಹರಳುಗಟ್ಟಿತ್ತು. ಕಪ್ಪಿರಬೇಕಾದಲ್ಲಿ ಬಿಳುಪು, ಬಿಳುಪಿರಬೇಕಾದಲ್ಲಿ ಕಪ್ಪು. ನನ್ನ ಮಾವ ತನ್ನದೇ ನೆಗೆಟಿವ್ ಆಗಿ ಕುಳಿತಿದ್ದ.

"ಮಾವಾ, ಏನಿದು?"

"ಮ್ಮ್," ಅಂದ ಮಾವ. ನಾಲಿಗೆ ಮರದ ತುಂಡಾಗಿತ್ತು. ತುಟಿ ಚೀಲದ ಬಾಯಿಯಂತೆ ಸೆಳೆದುಕೊಂಡಿತ್ತು. ಚರ್ಮವೇನೋ ಬಿಗಿಯಾಗಿತ್ತು, ಆ ಬಗ್ಗೆ ದೂರುವ ಹಾಗಿರಲಿಲ್ಲ. ತಮಟೆಯಾಗಿದ್ದರೆ ಊರೆಲ್ಲ ಕೇಳಿಸುತ್ತಿತ್ತು. ಸೋಪು ಹಾಕಿ ತೊಳೆದೆವು. ಇನ್ನೂ ಬಿಗಿಯಾಯಿತು.

ಅಷ್ಟರಲ್ಲಿ ನಗರಸಭೆಯ ಅಧಿಕಾರಿ ಒಳಗೆ ಬಂದರು, ಗುರುತಿನ ಚೀಟಿಗೆ ಫೋಟೋ ಬೇಕೆಂದು. ಮಾವ ಎಂದೂ ಗಿರಾಕಿಯನ್ನು ವಾಪಸು ಕಳಿಸಿದವನಲ್ಲ. ಒಳಗಿನ ಮಬ್ಬಿನಲ್ಲಿ ಕ್ಯಾಮೆರಾದ ಹಿಂದೆ ನಿಂತ. 'ಸ್ವಲ್ಪ ನಗಿ' ಅನ್ನಬೇಕಾದ ಹೊತ್ತು ಬಂತು. ಬಾಯಿ ತೆರೆಯಲಿಲ್ಲ. ಅವರು ತಾವಾಗಿಯೇ ನಗಲಿ ಎಂದು ಸುಮ್ಮನೆ ನೋಡುತ್ತ ನಿಂತ. ಅಧಿಕಾರಿಯೂ ನೋಡಿದರು. ಕಲ್ಲಿನಂಥ ಕಪ್ಪು ಮುಖ, ರೆಪ್ಪೆ ಅಲ್ಲಾಡದ ಕಣ್ಣು.

"ಏನು ಸ್ವಲ್ಪನಗಿಯವರೇ, ನನ್ನ ಮೇಲೆ ಏನಾದ್ರೂ ಬೇಜಾರಾ?"

ಮಾವ ನೋಡಿದ.

"ಬೀದಿ ದೀಪದ ವಿಷಯಕ್ಕಾ? ಬಲ್ಬು ಬಂದಿತ್ತು. ನಿಜ. ನಮ್ಮ ಮನೆ ಮುಂದೆ ಹಾಕಿಸ್ಕೊಂಡೆ. ಅದೂ ನಿಜ. ಅದಕ್ಕೆ ಹೀಗೆ ಮುಖ ಕಪ್ಪು ಮಾಡ್ಕೊಂಡು ನೋಡೋದಾ? ಬಾಯಿಬಿಟ್ಟು ಬೈದುಬಿಡಿ ಮಾರಾಯ್ರೇ, ತಡ್ಕೋತೀನಿ."

ಮಾವ ಸಂಕಟದಿಂದ ಇನ್ನಷ್ಟು ನೋಡಿದ. ಅಧಿಕಾರಿ ಬೆವರು ಒರೆಸಿಕೊಂಡು ಫೋನು ತೆಗೆದು, "ಈಗಿಂದೀಗ್ಲೇ ಸ್ಟುಡಿಯೋ ಬೀದಿಗೆ ಬಂದು ಎಲ್ಲಾ ಕಂಬಕ್ಕೂ ದೀಪ ಹಾಕಿ ಹೋಗಿ," ಎಂದು ಯಾರನ್ನೋ ಗದರಿ, ಫೋಟೋ ತೆಗೆಸಿಕೊಳ್ಳದೆಯೇ ಹೋದರು. ಎಷ್ಟೋ ಅರ್ಜಿಗಳಿಂದ ಆಗದಿದ್ದ ಕೆಲಸವನ್ನು ಒಂದು ಬಾಣಲೆ ಕಷಾಯ ಮಾಡಿತು.

ಏಣಿ ಹೊತ್ತವರನ್ನು ನೋಡಿ ಎದುರುಮನೆ ಅತ್ತೆ ಓಡಿ ಬಂದಳು. ಪಕ್ಕದ ಅಂಗಡಿಯ ಕ್ಷೌರಿಕನೂ ಬಂದ. ಅತ್ತೆಗೆ ಸಂಭ್ರಮ. "ಇದೇ ಮುಖಾನ ನಾಳೆ ನೀರಿನ ಆಫೀಸಿಗೂ ಕರ್ಕೊಂಡು ಹೋಗೋಣ. ನಲ್ಲೀಲಿ ಗಾಳಿ ಬರ್ತಿದೆ." ಕ್ಷೌರಿಕ ಮಾತ್ರ ಮಾವನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಗಂಭೀರನಾದ.

"ಅಣ್ಣ, ಒಂದ್ಸಲ ನಗಿ ನೋಡೋಣ."

ಮಾವ ಪ್ರಯತ್ನಿಸಿದ. ಎಡಗಡೆಯಲ್ಲಿ ಏನೋ ಒಂದಿಷ್ಟು ನಡುಗಿತು.

"ಲಕ್ವ," ಅಂದ ಕ್ಷೌರಿಕ. "ಬೆಳಗಾದ್ರೆ ಮುಖಗಳ ಮೇಲೇ ನನ್ನ ಕೆಲಸ. ನನಗೆ ಗೊತ್ತಾಗಲ್ವಾ? ಲಕ್ವಾನೇ."

"ಲಕ್ವ ಅಲ್ಲ, ಪಟಿಕ," ಅಂದೆ ನಾನು.

"ಪಾಪ, ಹುಡುಗಿಗೆ ಆಘಾತ ಆಗಿದೆ," ಎಂದು ಅತ್ತೆ ನನ್ನನ್ನು ತಬ್ಬಿಕೊಂಡಳು. "ಚಿಕ್ಕೋಳಿದ್ದಾಗಿಂದ ಕಥೆ ಕೇಳಿ ಕೇಳಿ ಹೀಗೇ ಏನೇನೋ ಹೇಳುತ್ತೆ."

ಹಾಲಿನ ವ್ಯಾನು ತರಿಸಿದರು. ಆಸ್ಪತ್ರೆ ಅನ್ನುವ ಪದ ಕೇಳಿದ್ದೇ ಮಾವ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಲೋಕದ ಯಾವ ಜಾಗಕ್ಕಾದರೂ ಆ ಮುಖ ಹೊತ್ತು ಹೋದಾನು, ಅಲ್ಲಿಗೊಂದು ಬೇಡ. ಅವನು ಕೈಕಾಲು ಒದರಿದ, ಕೊಸರಿದ, ಶೋಕೇಸಿನ ಕಡೆ ಬೆರಳು ತೋರಿಸಿ "ಮ್ಮ್, ಮ್ಮ್" ಎಂದ. "ಲಕ್ವ ಹೊಡೆದಾಗ ಹೀಗೇ ಕೈಕಾಲು ಒದರ್ತಾರೆ," ಎಂದು ಕ್ಷೌರಿಕ ಎಲ್ಲರಿಗೂ ವಿವರಿಸಿದ. ಮೇಲಿನ ಕಿಟಕಿಯಿಂದ ಅಜ್ಜಿ, "ಎಣ್ಣೆ ಹಚ್ಚ್ರೋ, ಎಣ್ಣೆ," ಎಂದು ಕೂಗುತ್ತಿದ್ದಳು. ಹಡೆದವಳ ದುಃಖ ಎಂದುಕೊಂಡು ಜನ ಕಣ್ಣೊರೆಸಿಕೊಂಡರು. ಹಾಲಿನ ಕ್ಯಾನುಗಳ ನಡುವೆ ಮಾವನನ್ನು ಕೂರಿಸಿ, ಅರ್ಧ ಬೀದಿಯೇ ಹತ್ತಿಕೊಂಡು ಹೊರಟಿತು.

ಆಸ್ಪತ್ರೆಯ ಡಾಕ್ಟರು ಮಾವನ ಮೊಣಕಾಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಾಲು ಚಿಮ್ಮಿ ಕ್ಷೌರಿಕನಿಗೆ ತಗುಲಿತು. ಡಾಕ್ಟರು ಮಾವನ ಕೆನ್ನೆ ಕೆರೆದು ನೋಡಿ ಹೇಳಿದರು, "ಇದು ನರದ್ದಲ್ಲ, ಅಡುಗೆಮನೇದು. ಚರ್ಮದ ಶಿಬಿರಕ್ಕೆ ಕರ್ಕೊಂಡು ಹೋಗಿ, ಎದುರಿನ ಕೋಣೆ."

ಎದುರಿನ ಕೋಣೆಗೆ ಎಂಟು ಹೆಜ್ಜೆಯೂ ಇರಲಿಕ್ಕಿಲ್ಲ. ಮಾವ ಅದನ್ನು ಬಲಿಗೆ ಹೊರಟವನ ಹಾಗೆ ನಡೆದ.

ನಾನು ಅವಳನ್ನು ಫೋಟೋದಿಂದಲೇ ಬಲ್ಲವಳು. ಹಾಗಾಗಿ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಕಿವಿಯ ಮೇಲೆ ಕೂದಲು ನರೆತಿತ್ತು, ಕನ್ನಡಕ ದಾರದಲ್ಲಿ ಕುತ್ತಿಗೆಗೆ ಜೋತಿತ್ತು, ಕಣ್ಣ ಸುತ್ತ ನಕ್ಕು ನಕ್ಕು ಬಂದ ಗೆರೆಗಳಿದ್ದವು. ಅವುಗಳಲ್ಲಿ ಒಂದನ್ನೂ ಅವಳು ಬಚ್ಚಿಟ್ಟಿರಲಿಲ್ಲ.

ಕನ್ನಡಕ ಏರಿಸಿ ಮಾವನ ಮುಖದ ಹತ್ತಿರ ಬಂದು ಮೂಸಿದಳು. "ದಾಳಿಂಬೆ ಸಿಪ್ಪೆ. ಪಟಿಕ. ಕಬ್ಬಿಣದ ಪಾತ್ರೆ. ಸರೀನಾ? ಬೆಳಗಿಂದ ಎಲ್ಲರಿಗೂ ಇದನ್ನೇ ಹೇಳ್ತಿದೀನಿ ಕಣ್ರೀ. ಪಟಿಕ ಕ್ಷೌರದ ಗಾಯಕ್ಕೆ. ಒಗರು ಕಷಾಯ ವಸಡಿಗೆ, ಎಣ್ಣೆ ಸುರಿಯೋ ಮೊಡವೆ ಮುಖಕ್ಕೆ, ಅದೂ ಚೂರೇ ಚೂರು. ವಯಸ್ಸು ಅಳಿಸೋಕೆ ಅಂತ ಯಾವ ಕಾಯೀನೂ ಇಲ್ಲ. ಯಾರಿಗೋಸ್ಕರ ಇಷ್ಟು ಒದ್ದಾಡಿದ್ರಿ ಸ್ವಾಮಿ?"

ಬಾಗಿಲಲ್ಲಿ ಗುಂಪುಗಟ್ಟಿದ್ದ ಬೀದಿಗೆ ಆಗ ಒಟ್ಟಿಗೇ ಅರ್ಥವಾಯಿತು. ಎದುರುಮನೆ ಅತ್ತೆ ಸೆರಗಿನ ತುದಿಯನ್ನು ತಾನೇ ಬಾಯಿಗೆ ತುರುಕಿಕೊಂಡಳು. ಅವಳ ಜೀವಮಾನದಲ್ಲಿ ಸುದ್ದಿಯೊಂದು ಬಾಯಲ್ಲಿ ನಿಂತದ್ದು ಅದೇ ಮೊದಲು.

ಸಿಸ್ಟರ್ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಕಿಟಕಿಯ ಕಡೆ ಬಾಗಿದಳು. ಬೆಳಕು ಅವಳ ಒಂದು ಕೆನ್ನೆಯ ಮೇಲೆ ಬಿತ್ತು. ಮಾವನ ಕೈ, ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಮೇಲೆದ್ದು, ಎರಡು ಬೆರಳಿನಿಂದ ಗಾಳಿಯಲ್ಲಿ ಸನ್ನೆ ಮಾಡಿತು: ಇನ್ನೂ ಸ್ವಲ್ಪ ಎಡಕ್ಕೆ.

ಹತ್ತಿ ನಡುದಾರಿಯಲ್ಲಿ ನಿಂತಿತು.

"ನೀವಾ?" ಅಂದಳು.

ಮಾವ ಕಣ್ಣು ಮುಚ್ಚಿಕೊಂಡ. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೆಲಸ ಮುಂದುವರಿಸಿದಳು. ಹಣೆ, ಹುಬ್ಬು, ಮೂಗಿನ ಪಕ್ಕ. ಮೊದಲಿನಷ್ಟು ಬೇಗ ಅಲ್ಲ. ಹರಳು ಉದುರಿ ಒಂದೊಂದೇ ಹಳೆಯ ಗೆರೆ ಹೊರಬರುತ್ತಿತ್ತು. ಕತ್ತಲೆ ಕೋಣೆಯ ತಟ್ಟೆಯಲ್ಲಿ ಫೋಟೋ ಹೀಗೆಯೇ ಮೂಡುತ್ತಿತ್ತಂತೆ. ಮೊದಲು ಏನೂ ಇಲ್ಲ, ಆಮೇಲೆ ಒಬ್ಬ ಮನುಷ್ಯ.

"ಗಲ್ಲ ಸ್ವಲ್ಪ ಮೇಲೆ," ಅಂದಳು. "ಹಾಂ, ಹಾಗೇ. ಅಲ್ಲಾಡಬೇಡಿ."

ಅವಳು ಹತ್ತಿಯನ್ನು ಕೆಳಗಿಟ್ಟಳು.

"ಏನಾದ್ರೂ ಹೇಳೋದಿದೆಯಾ?"

ಮಾವ ಇದ್ದ ಶಕ್ತಿಯನ್ನೆಲ್ಲ ತುಟಿಗೆ ತಂದ. ತುಟಿ ತೆರೆಯಿತು, ತೆರೆದದ್ದೇ ನಡುವೆ ಬಿರಿದು ರಕ್ತ ಬಂತು. ಕ್ಷೌರಿಕ ಸುಮ್ಮನಿರಬಾರದೇ? ಕಸುಬಿನವನು. ಜೇಬಿನಿಂದ ಕಲ್ಲು ತೆಗೆದು ಮುಂದೆ ನುಗ್ಗಿದ. "ಸಿಸ್ಟರ್, ಪಟಿಕ. ಒಂದ್ಸಲ ಒತ್ತಿದ್ರೆ ನಿಂತೋಗುತ್ತೆ."

"ಬೇಡ್ವೋ," ಎಂದು ಇಡೀ ಬೀದಿ ನರಳಿತು.

ಆದರೆ ರಕ್ತಕ್ಕೆ ಪಟಿಕವೇ ಮದ್ದು. ಅವಳು ಕಲ್ಲನ್ನು ತೊಳೆದು ಮಾವನ ತುಟಿಗೆ ಒತ್ತಿಹಿಡಿದಳು. ರಕ್ತ ನಿಂತಿತು. ಬಾಯಿಯೂ ಮುಚ್ಚಿತು. "ಇನ್ನು ಸ್ವಲ್ಪ ಹೊತ್ತು ಮಾತಾಡೋ ಹಾಗಿಲ್ಲ. ಅಲ್ಲಾಡೋ ಹಾಗೂ ಇಲ್ಲ," ಅಂದಳು. ಆಮೇಲೆ ಕಲ್ಲು ಒತ್ತಿಹಿಡಿದೇ, ದನಿ ತಗ್ಗಿಸಿ ಕೇಳಿದಳು, "ನನ್ನ ಫೋಟೋ ಇನ್ನೂ ಶೋಕೇಸಿನಲ್ಲೇ ಇದೆಯಂತೆ, ಹೌದಾ? ತಲೆ ಅಲ್ಲಾಡಿಸಿದ್ರೆ ಸಾಕು."

ಮಾವನ ಕಣ್ಣಲ್ಲಿ ಘೋರ ಗೊಂದಲ. ಅಲ್ಲಾಡಬೇಡಿ ಅಂದವಳೂ ಅವಳೇ, ಅಲ್ಲಾಡಿಸಿ ಅಂದವಳೂ ಅವಳೇ. ಮಾವ ಹೇಳಿದ ಮಾತು ಮೀರದ ರೋಗಿ. ಕಂಬದ ಹಾಗೆ ಕುಳಿತ.

"ಅಲ್ಲಾಡ್ಸೋ ಪುಣ್ಯಾತ್ಮ," ಅಂದಳು ಅತ್ತೆ, ಸೆರಗು ಉಗುಳಿ.

ಅಷ್ಟರಲ್ಲಿ ಹೊರಗೆ ಸಾಲಿನಲ್ಲಿದ್ದ ಕಜ್ಜಿಯವರು ಗಲಾಟೆ ಎಬ್ಬಿಸಿದರು, ಒಬ್ಬರಿಗೇ ಇಷ್ಟು ಹೊತ್ತೇ ಎಂದು. ಅವಳು ಎದ್ದಳು. ಮಾವನ ಕೈಗೆ ಮುಲಾಮಿನ ಟ್ಯೂಬು ಇಟ್ಟಳು. ಮುಂದಿನವರು ಬಂದು ಸ್ಟೂಲಿನ ಮೇಲೆ ಕುಳಿತರು.

ಶಿಬಿರ ಮುಗಿಯುವವರೆಗೆ ಮಾವ ಮನೆಯಿಂದ ಹೊರಬೀಳಲಿಲ್ಲ. ಮುಖ ಹಪ್ಪಳದಂತೆ ಸುಲಿಯುತ್ತಿತ್ತು. ಅಜ್ಜಿಯ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಕುಳಿತು ಒಂದೇ ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದ. ನಾವು ಹತ್ತಿರ ಹೋದರೆ ಕೆಮ್ಮುತ್ತಿದ್ದ. ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಚಿಕ್ಕಂದಿನಲ್ಲಿ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದ ಇನ್ನೊಂದು ಕಥೆ ಕೇಳಿದೆ. ಒಂದು ಮರವಿತ್ತು. ಅದರಲ್ಲಿ ಒಂದೇ ಕಾಯಿ. ಹೋಗಿಬರುವವರೆಲ್ಲ ಕಚ್ಚಿ, ಒಗರು ಎಂದು ಉಗಿದು ಹೋಗುತ್ತಿದ್ದರು. ಅದು ಯಾರಿಗಾಗಿಯೋ ಕಾಯುತ್ತಿತ್ತು.

"ಆಮೇಲೆ ಅವರು ಬಂದ್ರಾ ಅಜ್ಜಿ?"

"ದಾರೀಲಿದ್ದಾರೆ," ಅಂದಳು ಅಜ್ಜಿ. ನಾನು ಇಷ್ಟು ದೊಡ್ಡವಳಾದ ಮೇಲೂ ಅವಳು ಆ ಕಥೆಯನ್ನು ಮುಗಿಸಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಶಿಬಿರದ ವ್ಯಾನು ನಮ್ಮ ಬೀದಿಗೆ ಬಂದು ಸ್ಟುಡಿಯೋದ ಮುಂದೆ ನಿಂತಿತು. ಅವಳು ಇಳಿದು ಶೋಕೇಸಿನ ಮೂಲೆಯನ್ನು ಬಹಳ ಹೊತ್ತು ನೋಡಿದಳು. ಗಾಜಿನಲ್ಲಿ ಅವಳ ಈಗಿನ ಮುಖವೂ ಕಾಣುತ್ತಿತ್ತು, ಎರಡೂ ಪಕ್ಕಪಕ್ಕ. ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. "ಒಂದು ಫೋಟೋ ಬೇಕಿತ್ತು. ಬೇಗ ತೆಗೀತೀರಾ? ವ್ಯಾನಿನವರು ಕಾಯ್ತಿದ್ದಾರೆ."

ಮಾವ ಬಂದು ಕ್ಯಾಮೆರಾ ಎತ್ತಿಕೊಂಡ. ಕೆನ್ನೆಯಲ್ಲಿ ಸುಲಿದ ಚರ್ಮ, ತುಟಿಯ ಮೇಲೆ ಗಾಯದ ಗೀರು. ಅಭ್ಯಾಸ ಮಾಡಿದ ವಾಕ್ಯ ಎಲ್ಲಿ ಹೋಯಿತೋ ದೇವರೇ ಬಲ್ಲ. ಕ್ಲಿಕ್ ಅಂದಿತು. ಈಗಿನ ಕ್ಯಾಮೆರಾ, ಕತ್ತಲೆ ಕೋಣೆ ಬೇಡ, ತಟ್ಟೆ ಬೇಡ. ತೆಗೆದ ಕೂಡಲೇ ಹಿಂಬದಿಯ ಪರದೆಯಲ್ಲಿ ಫೋಟೋ ಕಾಣುತ್ತದೆ. ನಾನು ಹಿಂದಿನಿಂದ ಇಣುಕಿದೆ. ನಡುಹಗಲಿನ ಬೆಳಕು ಬಾಗಿಲಿನಿಂದ ಬಂದು ಅವಳ ನರೆಗೂದಲಿನ ಮೇಲೆ ಕುಳಿತಿತ್ತು. ಮಾವ ಜೀವಮಾನದಲ್ಲಿ ಅಷ್ಟು ಚೆನ್ನಾದ ಫೋಟೋ ತೆಗೆದಿರಲಿಲ್ಲ.

ಅವನು ಪರದೆಯನ್ನು ನೋಡಿದ. ಅವಳನ್ನು ನೋಡಿದ.

"ಬೆಳಕು ಸರಿ ಬರಲಿಲ್ಲ," ಅಂದ.

ಹೊರಗೆ ಹಾರನ್ ಆಯಿತು. ಅವಳು ಎದ್ದು ಬಂದು ಕನ್ನಡಕ ಏರಿಸಿ, ಅವನ ಕೈಯಲ್ಲಿದ್ದ ಪರದೆಯತ್ತ ಬಾಗಿ, ತನ್ನ ಫೋಟೋವನ್ನು ಕೂಲಂಕಷವಾಗಿ ಪರೀಕ್ಷಿಸಿದಳು.

"ಹೌದು," ಅಂದಳು. "ಸರಿ ಬಂದಿಲ್ಲ. ಹಾಗಾದ್ರೆ ಮತ್ತೆ ಬರಬೇಕಾ?"

"ಬರಬೇಕು, ಇವರೇ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ಮಾವ ಬಾಗಿಲಲ್ಲೇ ನಿಂತಿದ್ದ. ಅವನ ಮುಖದಲ್ಲಿ ಮೊದಲು ಏನೋ ಕದಲಿತು, ಆಮೇಲೆ ತುಟಿ ಅಗಲವಾಗುತ್ತ ಹೋಯಿತು, ಒಣಗಿದ್ದ ಗಾಯ ಮತ್ತೆ ಬಿರಿದು ಒಂದು ಹನಿ ರಕ್ತ ಗಲ್ಲಕ್ಕಿಳಿಯಿತು. ಪಕ್ಕದ ಅಂಗಡಿಯಿಂದ ಕ್ಷೌರಿಕ ಕಲ್ಲು ಹಿಡಿದು ಓಡಿ ಬಂದ.

ಮಾವ ಕೈ ಅಡ್ಡ ಹಿಡಿದು ಅವನನ್ನು ತಡೆದ. ರಕ್ತ ಜಿನುಗುತ್ತಿದ್ದರೂ ಬಾಯಿ ಮುಚ್ಚಲಿಲ್ಲ. ತಿರುವನ್ನು ನೋಡುತ್ತಲೇ ಇದ್ದ.